ಬೆಳಕಿಂಡಿ ಮುಚ್ಚಿದ ರಾತ್ರಿ

ಕಂದೀಲು ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ ಮತ್ತೆ... ಅಷ್ಟು ಧೈರ್ಯ ನನಗೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಗಿವ್ವ ನಂಬುವವಳಲ್ಲ. ಕೊಟ್ಟೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಗಂಗಾಂಬಿಕಾ ಎಂದರೆ ಮೈಮೇಲೆ ಬಂದವರ ಎದುರೇ ಕಿಸಕ್ಕನೆ ನಗುವ ಹೆಂಗಸು ಎನ್ನುತ್ತಾರೆ. ಆ ನಗುವಿನ ದೆಸೆಯಿಂದ ನಮ್ಮ ಅತ್ತೆ ಎಷ್ಟೋ ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಇದು ಬೇರೆ. ಇದು ನಮ್ಮ ಚಿಕ್ಕಪ್ಪನ ಮಗ ಗುರುಬಸವರಾಜನಿಗೆ ಆದದ್ದು. ಅವತ್ತು ರಾತ್ರಿ ಅವನಿಗೆ ರೊಟ್ಟಿ ಬಡಿಸಿ ಕಳಿಸಿದವಳೇ ನಾನು.

ಎರಡು ಸಾವಿರದ ಐದೋ ಆರೋ ಇರಬೇಕು. ಬೇಸಿಗೆ. ಕಡೆಯ ಬಸ್ಸು ಅವನನ್ನು ಉಜ್ಜಿನಿ ಕಡೆಯ ಒಂದು ಕ್ರಾಸಿನಲ್ಲಿ ಇಳಿಸಿ ಹೋಗಿಬಿಟ್ಟಿತು. ಅಲ್ಲಿಂದ ಹಳ್ಳಿಗೆ ಮಣ್ಣಿನ ದಾರಿ. ಊರ ಹೆಸರು ಹೇಳುವುದಿಲ್ಲ, ಆ ಊರಿನ ಹುಡುಗಿಯರಿಗೆ ಗಂಡು ಸಿಗುವುದು ಕಷ್ಟವಾದೀತು. ದಾರಿಯ ಎಡಕ್ಕೆ ದೊಡ್ಡ ಆಲದ ಮರ, ಅದರ ಬುಡದಲ್ಲಿ ಬತ್ತಿದ ಬಾವಿ. ಆಲದ ಎಲೆ ಹಸಿರಿರಬೇಕಲ್ಲ... ಅಲ್ಲಿ ಹಗಲು ನೋಡಿದರೂ ಬಿಳಿ. ಎಲೆಯ ಮೇಲೆ ಬೆರಳಿಟ್ಟರೆ ಅಚ್ಚು ಮೂಡುವಷ್ಟು ಕಲ್ಲಿನ ಧೂಳು. ಊರ ಪಕ್ಕದ ಗುಡ್ಡದಲ್ಲಿ ಜಲ್ಲಿ ಕ್ರಷರ್ ಇತ್ತು.

ಅಷ್ಟು ಹೊತ್ತಿನಲ್ಲಿ ಅವನು ಅಲ್ಲಿಗೆ ಯಾಕೆ ಹೊರಟಿದ್ದ ಎಂದರೆ, ಧೂಳು ಅಳೆಯಲಿಕ್ಕೆ. ನಗಬೇಡಿ. ಅವನಿಗೆ ಆ ಕೆಲಸ ಸಿಕ್ಕಾಗ ನಾವೂ ನಕ್ಕಿದ್ದೆವು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು; ಎಲ್ಲಿ ನೋಡಿದರೂ ಧೂಳು, ಹಾಗಾಗಿ ಧೂಳು ಅಳೆಯುವವರಿಗೂ ಕೈತುಂಬ ಕೆಲಸ. ಹೊಸಪೇಟೆಯ ಒಂದು ಲ್ಯಾಬಿನಲ್ಲಿ ಅವನಿದ್ದ. ಅವನ ಮಿಷನ್ ಎಂದರೆ ಎದೆಮಟ್ಟದ ತಗಡಿನ ಪೆಟ್ಟಿಗೆ, ಮೇಲೆ ಇಳಿಜಾರು ಮುಚ್ಚಳ. ಮುಚ್ಚಳದ ಕೆಳಗೆ ಒಂದು ಬಿಳಿ ಹಾಳೆ ಬಿಗಿಯುವುದು. ಒಳಗಿನ ಮೋಟಾರು ಸುತ್ತಲಿನ ಗಾಳಿಯನ್ನು ಆ ಹಾಳೆಯ ಮೂಲಕ ಎಳೆಯುತ್ತದೆ. ಗಾಳಿ ಹೋಗುತ್ತದೆ, ಧೂಳು ಹಾಳೆಯ ಮೇಲೆ ಕೂರುತ್ತದೆ. ಮೊದಲೇ ಹಾಳೆಯನ್ನು ತೂಗಿಟ್ಟಿರುತ್ತಾರೆ, ಆಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಧೂಳು. ಪೆಟ್ಟಿಗೆಯ ಮುಂದೆ ಒಂದು ಗಾಜಿನ ಕೊಳವೆಯಲ್ಲಿ ನೀರಿರುತ್ತದೆ. ಮೋಟಾರು ಒಂದೇ ಸಮ ಎಳೆಯುತ್ತಿದ್ದರೆ ಆ ನೀರು ಅಲ್ಲಾಡದೆ ಗೆರೆಯ ಹತ್ತಿರ ನಿಂತಿರುತ್ತದೆ. ಅಷ್ಟೇ ವಿದ್ಯೆ.

ಆ ಹಳ್ಳಿಗೆ ಮಿಷನ್ ಬಂದದ್ದು ಅಂಜಿನಕ್ಕ ಎಂಬ ಹೆಂಗಸಿನ ಹಟದಿಂದ. ಅವಳ ಗಂಡ ಮಾರೇಶ ಕ್ರಷರಿನ ಬಾಯಿಗೆ ಕಲ್ಲು ಹಾಕುವ ಕೆಲಸ ಮಾಡುತ್ತಿದ್ದ. ಹೆಗಲ ಮೇಲಿನ ವಲ್ಲಿಯನ್ನು ಮೂಗು ಬಾಯಿಗೆ ಸುತ್ತಿಕೊಂಡರೆ ಮುಗಿಯಿತು, ಬೇರೆ ರಕ್ಷಣೆ ಇಲ್ಲ. ಕೆಮ್ಮು ಹತ್ತಿತು. ಟಿಬಿ ಎಂದು ಗುಳಿಗೆ ಕೊಟ್ಟರು. ಆಮೇಲೆ ಟಿಬಿ ಅಲ್ಲ ಎಂದರು. ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ ಎಂದು ದಾವಣಗೆರೆಯ ಡಾಕ್ಟರು ಹೇಳುವಷ್ಟರಲ್ಲಿ ಮನುಷ್ಯ ಮೂಳೆ ಚಕ್ಕಳವಾಗಿದ್ದ. ಆ ಬೇಸಿಗೆಯಲ್ಲಿ ಹೋಗಿಬಿಟ್ಟ. ಮಗಳು ದುರ್ಗಾದೇವಿ ಇನ್ನೂ ಶಾಲೆಗೆ ಹೋಗುವ ಪೋರಿ. ಅವಳ ಉಸಿರಿನಲ್ಲೂ ಆಗಲೇ ಸಿಳ್ಳೆ ಶುರುವಾಗಿತ್ತು. ಸುಯ್ಯ್... ಸುಯ್ಯ್... ಆ ಸದ್ದು ಅಂಜಿನಕ್ಕನಿಗೆ ಗೊತ್ತು. ಗಂಡನಿಗೂ ಹಾಗೇ ಶುರುವಾದದ್ದು.

ಹೆಣ ಮಣ್ಣು ಮಾಡಿದ ಮೇಲೆ ಅವಳು ಕೂತು ಅಳಲಿಲ್ಲ. ಕೂಡ್ಲಿಗಿಯ ಕಚೇರಿ ಕಚೇರಿ ಅಲೆದಳು. ಕಡೆಗೆ ಅವಳ ಕಾಟ ತಾಳಲಾರದೆ ಒಂದು ರಾತ್ರಿ ಅಳೆದು ನೋಡಲು ಒಪ್ಪಿದರು. ಧೂಳು ಮಿತಿ ಮೀರಿದ್ದರೆ ಕ್ರಷರಿಗೆ ಬೀಗ. ಮೀರದಿದ್ದರೆ... ಮತ್ತೆ ಅವಳ ಮಾತನ್ನು ಯಾರೂ ಕೇಳುವುದಿಲ್ಲ. ಮಗಳ ಉಸಿರು ಆ ಒಂದು ಹಾಳೆಯ ಮೇಲೆ ನಿಂತಿತ್ತು ಎಂದರೂ ತಪ್ಪಲ್ಲ.

ಅವತ್ತು ಮಧ್ಯಾಹ್ನ ಗುರುಬಸವರಾಜ ಮಿಷನ್ನನ್ನು ಅಂಜಿನಕ್ಕನ ಮನೆಯ ಮಾಳಿಗೆಗೇ ಏರಿಸಿದ. ಕ್ರಷರಿಗೆ ಅದೇ ಹತ್ತಿರದ ಮನೆ. ಬೀದಿ ಕಂಬದಿಂದ ವೈರು ಎಳೆಸಿದ. ಪೆಟ್ಟಿಗೆಯ ಪಕ್ಕದಲ್ಲೇ ಬೆಳಕಿಂಡಿ ಇತ್ತು. ಮಣ್ಣಿನ ಮಾಳಿಗೆ ಮನೆಗಳಲ್ಲಿ ನೋಡಿದ್ದೀರಲ್ಲ, ಒಳಗೆ ಬೆಳಕು ಬೀಳಲಿ, ಹೊಗೆ ಹೋಗಲಿ ಎಂದು ಬಿಡುವ ತೂತು. ಇವನು ಅದರ ಮೇಲೆ ಒಂದು ತಗಡು ಎಳೆದು ಕಲ್ಲು ಹೇರಿದ. ಕೆಳಗಿನಿಂದ ಅಂಜಿನಕ್ಕ ಕೂಗಿದಳು.

"ಅದನ್ಯಾಕ ಮುಚ್ಚತೀರಿ ಸಾರ್?"

"ಒಲಿ ಹೊಗಿ ಮ್ಯಾಲ ಬರ್ತೈತಿ ಅಕ್ಕ. ಹಾಳಿ ಮ್ಯಾಲ ಹೊಗಿ ಕುಂತರ, ಕ್ರಷರ್‌ನವರು ಇದು ನಮ್ಮ ಧೂಳಲ್ಲ ಅಂತಾರ."

"ಇವತ್ತು ನಾ ಒಲಿ ಹಚ್ಚಂಗಿಲ್ಲ. ಇವತ್ತೊಂದಿನ ತೆಗದಿಡ್ರಿ ಸಾರ್. ನಾಳೆ ನಮ್ಮನಿಯವರ ದಿವಸ."

ಅವರಲ್ಲಿ ಒಂದು ಪದ್ಧತಿ. ದಿವಸದ, ಅಂದರೆ ಸತ್ತವರ ಕಾರ್ಯದ, ಹಿಂದಿನ ರಾತ್ರಿ, ಸತ್ತವರು ಪ್ರಾಣ ಬಿಟ್ಟ ಜಾಗದಲ್ಲಿ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಮೇಲೆ ಬಿದಿರಿನ ಪುಟ್ಟಿ ಕವುಚುತ್ತಾರೆ. ಸತ್ತವರು ಬೆಳಕಿಂಡಿಯಿಂದ ಇಳಿದು ಬಂದು ಮನೆಯನ್ನು ಒಮ್ಮೆ ನೋಡಿ ಹೋಗುತ್ತಾರಂತೆ. ಬೆಳಗ್ಗೆ ಪುಟ್ಟಿ ಎತ್ತಿದರೆ ಬೂದಿಯಲ್ಲಿ ಏನಾದರೂ ಗುರುತು. ಹಕ್ಕಿಯ ಕಾಲೋ, ಕೂಸಿನ ಹೆಜ್ಜೆಯೋ... ಗುರುತು ಕಂಡರೆ ಬಂದು ಹೋದರು ಎಂದು ಸಮಾಧಾನ. ನಮ್ಮಲ್ಲಿ ಅದಿಲ್ಲ. ಗುರುಬಸವರಾಜನಿಗೆ ಹೇಗೆ ಗೊತ್ತಾಗಬೇಕು? ಅವಳೇ ಬಿಡಿಸಿ ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತಂತೆ.

"ತೆಗದಿಟ್ಟರ ನಾಳೆ ತಕರಾರು ತೆಗೀತಾರ ಅಕ್ಕ. ಮನಿ ಹೊಗಿ ಅಂತಾರ. ನೀವು ಹೆಂಗ ಹೇಳತೀರೋ ಹಂಗ ಮಾಡತೀನಿ."

ಅಂಜಿನಕ್ಕ ಬಾಗಿಲಲ್ಲಿ ಕೂತ ಮಗಳ ಕಡೆ ನೋಡಿದಳು. ಹುಡುಗಿ ಪಾಟಿಯ ಮೇಲೆ ಏನೋ ಬರೆಯುತ್ತಿತ್ತು. ಸುಯ್ಯ್... ಸುಯ್ಯ್...

"ಮುಚ್ರಿ" ಎಂದಳು. ಅಷ್ಟೇ.

ಇನ್ನು ಕ್ರಷರಿನವರ ಆಟ ಕೇಳಿ. ಮಿಷನ್ ಬರುವ ಸುದ್ದಿ ಯಾರೋ ಮುಟ್ಟಿಸಿದ್ದರು. ಬೆಳಗಿನಿಂದಲೇ ಕ್ರಷರ್ ಬಂದ್. ಗುಡ್ಡದ ಕಡೆ ಸದ್ದಿಲ್ಲ, ಸಪ್ಪಳವಿಲ್ಲ. ಅಳತೆ ಲೆಕ್ಕಕ್ಕೆ ಬರಬೇಕಾದರೆ ಕ್ರಷರ್ ನಡೆಯುತ್ತಿರಬೇಕು, ಹಾಗೆಂದು ಅಲ್ಲಿಯವರೇ ಒಬ್ಬರು ಹೇಳಿ ಸಹಿ ಹಾಕಬೇಕು. ಮ್ಯಾನೇಜರು ಪ್ರವೀಣಕುಮಾರ್ ಬೈಕಿನ ಮೇಲೆ ಬಂದ. ಇಸ್ತ್ರಿ ಅಂಗಿ, ಕಿವಿಯ ಹತ್ತಿರ ಸೆಂಟು.

"ಬರಕೊಳ್ರಿ ಸಾರ್. ಫುಲ್ ಲೋಡ್ ನಡದೈತಿ."

"ಸಪ್ಪಳಾನ ಇಲ್ಲಲ್ರಿ?"

"ಹೊಸಾ ಬೆಲ್ಟು. ಸಪ್ಪಳ ಕಡಿಮಿ."

ಸುತ್ತ ಅರ್ಧ ಊರು ನಿಂತಿತ್ತು. ಅದರಲ್ಲಿ ಅರ್ಧ ಜನ ಆ ಕ್ರಷರಿನ ಕೂಲಿಯಲ್ಲೇ ಉಣ್ಣುವವರು. ಯಾರೂ ತುಟಿ ಬಿಚ್ಚಲಿಲ್ಲ. ಪ್ರವೀಣಕುಮಾರ್ ಸಹಿ ಹಾಕಿದ. ಕ್ರಷರ್ ಪೂರ್ತಿ ನಡೆದರೂ ಹಾಳೆ ಬೆಳ್ಳಗೇ ಇತ್ತು ಎಂದು ಒಮ್ಮೆ ದಾಖಲಾಗಿಬಿಟ್ಟರೆ, ಅಂಜಿನಕ್ಕನ ಬಾಯಿಗೆ ಶಾಶ್ವತವಾಗಿ ಬೀಗ. ನಮ್ಮ ಗುರುಬಸವರಾಜನೂ ಸುಮ್ಮನಾದ. ಅಳೆಯುವುದಷ್ಟೇ ತನ್ನ ಕೆಲಸ ಎಂದ. ಸಾವಿನ ಮನೆಯಲ್ಲಿ ಊಟ ಕೇಳಲು ಬಾಯಿ ಬರಲಿಲ್ಲ, ಟಾರ್ಚಿಗೂ ಸೆಲ್ಲಿರಲಿಲ್ಲ. ಮಿಷನ್ನನ್ನು ಅಂಜಿನಕ್ಕನಿಗೆ ಒಪ್ಪಿಸಿ ಸಂಜೆ ಕೊಟ್ಟೂರಿಗೆ ನಮ್ಮ ಮನೆಗೆ ಬಂದ. ಇದನ್ನೆಲ್ಲ ಹೇಳುತ್ತಾ ಉಂಡ.

"ಲೇ ಗುರು, ನಿನ್ನ ಕಣ್ಣೇನು ಹಿತ್ತಲದಾಗ ಇಟ್ಟು ಹೋಗಿದ್ದೇನು? ಕ್ರಷರ್ ಬಂದ್ ಐತಿ ಅಂತ ಬರೀಬೇಕಿಲ್ಲ?" ಎಂದು ನಾನು ಬೈದೆ.

"ಬರದರ ಅಳತೀನ ರದ್ದು ಅಕ್ಕಾ. ಮತ್ತ ಆಕೀಗೆ ಇನ್ನೊಂದು ಸಲ ಯಾರು ಕೊಡತಾರ?"

ಅದೂ ಖರೆಯೇ. ಟಾರ್ಚಿಗೆ ಹೊಸ ಸೆಲ್ಲು ಹಾಕಿ ಕೊಟ್ಟೆ. ಕಡೆಯ ಬಸ್ಸಿಗೆ ಹೋದ.

ಹಾಂ... ಈಗ ಬಾವಿಯ ಹತ್ತಿರ ಬರೋಣ.

ಬಾವಿಕಟ್ಟೆ ಇನ್ನೂ ದೂರವಿದ್ದಾಗಲೇ ಒಂದು ಸದ್ದು ಕೇಳಿಸಿತಂತೆ. ಕರ್... ಕರ್... ಉಗುರಿನಿಂದ ಕಲ್ಲು ಕೆರೆಯುವ ಸದ್ದು. ಟಾರ್ಚಿನ ಬೆಳಕು ಬಿಟ್ಟ. ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಮೂಗು ಬಾಯಿಗೆ ಕೆಂಪು ಚೌಕಳಿ ವಲ್ಲಿ. ಕಣ್ಣು ಮಾತ್ರ ಕಾಣುತ್ತವೆ. ಕ್ರಷರಿನ ಆಳು ಎಂದುಕೊಂಡ. ಕ್ರಷರೇ ಬಂದ್ ಇರುವಾಗ ವಲ್ಲಿ ಯಾಕೆ ಕಟ್ಟಿಕೊಂಡಿದ್ದಾನೆ ಎಂದು ಅವನಿಗೆ ಹೊಳೆಯಲಿಲ್ಲ.

"ಯಾರಪಾ?"

"ಇದ ಊರಾವ..." ಗಂಟಲಿಂದ ಬಂದ ದನಿಯೇ ಅಲ್ಲ. ಬರೀ ಉಸಿರು. "ಧೂಳಿನ ಮಿಷನ್ನಿನವರು ನೀವೇನ್ರಿ?"

"ಹೌದು."

"ಕ್ರಷರ್ ಬಂದ್ ಮಾಡ್ಯಾರಲ್ರಿ... ಹಾಳಿಗೆ ಏನು ಹತ್ತತೈತಿ?"

"ಹತ್ತಿದಷ್ಟು ಹತ್ತತೈತಿ."

ಕರ್... ಕರ್...

"ಎಷ್ಟು ಸಮೀಪ ಬಂದರ ಹಿಡೀತೈತಿ ಅದು?"

ನಮ್ಮವನ ಬಾಯಿ ಸುಮ್ಮನಿರಬೇಕಲ್ಲ! ಹೆಣದ ಮನೆಗೆ ಹೋದರೂ ಒಂದು ತಮಾಷೆ ಬಿಟ್ಟೇ ಬರುವ ಪೈಕಿ ಅವನು. "ಬಾಯಿ ಹಚ್ಚಿ ಕೆಮ್ಮಿಬಿಡಣ್ಣ, ಎದಿಯಾಗ ಇರೋದೆಲ್ಲಾ ಹಿಡೀತೈತಿ" ಎಂದು ನಕ್ಕ.

ಆ ಮನುಷ್ಯ ನಗಲಿಲ್ಲ.

"ಹೌದೇನ್ರಿ..." ಎಂದ. ದೊಡ್ಡ ಉಪಕಾರ ಮಾಡಿದವರಿಗೆ ಮುಗಿದಂತೆ ಎರಡೂ ಕೈ ಮುಗಿದ.

ಗುರುಬಸವರಾಜ ಸ್ವಲ್ಪ ಮುಂದೆ ಹೋಗಿ, ಯಾಕೋ ಮನಸ್ಸು ತಡೆಯದೆ ಟಾರ್ಚನ್ನು ಹಿಂದಕ್ಕೆ ತಿರುಗಿಸಿದ. ಕಟ್ಟೆಯ ಮೇಲೆ ಯಾರೂ ಇಲ್ಲ. ಎದ್ದು ಹೋದನೇನೋ ಎಂದುಕೊಂಡ. ಒಣಗಿದ ಆಲದ ಎಲೆ ಅಷ್ಟೊಂದು ಬಿದ್ದಿದ್ದವು, ಹೆಜ್ಜೆ ಇಟ್ಟರೆ ಚರಕ್ ಅನ್ನಬೇಕಿತ್ತು. ಅನ್ನಲಿಲ್ಲ.

ಊರು ಮಲಗಿತ್ತು. ಬೀದಿ ದೀಪ ಉರಿಯುತ್ತಿತ್ತು. ಮಾಳಿಗೆಯ ಮೇಲೆ ಮಿಷನ್ ಗುಂಯ್ಯ್... ಎಂದು ನಡೆದಿತ್ತು. ಏಣಿ ಹತ್ತಿ ಗಾಜಿನ ಕೊಳವೆ ನೋಡಿದ, ನೀರು ಗೆರೆಯ ಹತ್ತಿರ ನಿಂತಿತ್ತು. ಎಲ್ಲ ಸರಿ. ಮುಚ್ಚಿದ ಬೆಳಕಿಂಡಿಯ ಆಚೆ, ಮಾಳಿಗೆಯ ಇನ್ನೊಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿದ. ಕೆಳಗೆ ಹುಡುಗಿಯ ಉಸಿರು ಕೇಳುತ್ತಿತ್ತು. ಬಾವಿಯ ಮನುಷ್ಯನ ಮಾತು ತಲೆಯಲ್ಲಿ ಓಡಾಡುತ್ತಿತ್ತು. ಆ ಕಡೆ ಹೊರಳಿದ, ಈ ಕಡೆ ಹೊರಳಿದ. ಯಾವಾಗಲೋ ಕಣ್ಣು ಹತ್ತಿತು.

ಎಚ್ಚರವಾಯಿತು.

ಯಾಕೆ ಎಚ್ಚರವಾಯಿತು ಎಂದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ಆಕಾಶ ತುಂಬ ಚುಕ್ಕಿ. ಅಷ್ಟು ಚುಕ್ಕಿ ಮೊದಲು ಇರಲಿಲ್ಲವಲ್ಲ... ತಲೆ ಎತ್ತಿದ. ಬೀದಿ ದೀಪ ಇಲ್ಲ. ಊರಲ್ಲಿ ಒಂದು ಬಲ್ಬಿಲ್ಲ. ಕೊಟ್ಟೂರಿನ ದಿಕ್ಕಿಗೂ ಬೆಳಕಿಲ್ಲ. ಕರೆಂಟು ಹೋಗಿತ್ತು.

ಮಿಷನ್ ನಡೆಯುತ್ತಿತ್ತು.

ಮೊದಲು ಸಮಾಧಾನವೇ ಆಯಿತಂತೆ, ಸದ್ಯ ನಿಂತಿಲ್ಲ ಎಂದು. ಆಮೇಲೆ ಹೊಳೆಯಿತು. ಕರೆಂಟಿಲ್ಲದೆ ಮೋಟಾರು ಹೇಗೆ ನಡೀಬೇಕು? ಉಸಿರು ಬಿಗಿಹಿಡಿದು ಕೇಳಿದ. ಅದು ಮೋಟಾರಿನ ಸದ್ದಲ್ಲ. ಮೋಟಾರು ಒಂದೇ ಎಳೆಯಲ್ಲಿ ನಡೆಯುತ್ತದೆ. ಇದು ಎರಡು ತುಂಡು. ಎಳೆಯುವುದು... ಬಿಡುವುದು. ಸುಯ್ಯ್ಯ್... ಗರ್ ಗರ್ ಗರ್. ಸುಯ್ಯ್ಯ್... ಗರ್ ಗರ್ ಗರ್. ಬಿಡುವಾಗ ಜರಡಿಯಲ್ಲಿ ಮರಳು ಆಡಿದ ಸದ್ದು.

ಆಮೇಲೆ ಕೆಮ್ಮು. ಖೊಳ್... ಖೊಳ್ ಖೊಳ್. ಒಣ ಕೆಮ್ಮು. ಒಂದೊಂದು ಕೆಮ್ಮಿಗೂ ಪೆಟ್ಟಿಗೆಯ ತಗಡು ಟಿಣ್ ಎನ್ನುತ್ತಿತ್ತು.

ಟಾರ್ಚು ಒತ್ತಿದ. ಬೆಳಕು ಗಾಜಿನ ಕೊಳವೆಯ ಮೇಲೆ ಬಿತ್ತು. ನೀರು ಮೇಲೇರುತ್ತಿತ್ತು... ಇಳಿಯುತ್ತಿತ್ತು. ಏರುತ್ತಿತ್ತು... ಇಳಿಯುತ್ತಿತ್ತು. ಅದಕ್ಕಿಂತ ಮೇಲಕ್ಕೆ ಟಾರ್ಚು ಎತ್ತಲು ಅವನ ಕೈ ಒಪ್ಪಲಿಲ್ಲ. ಆದರೂ ಬೆಳಕಿನ ಅಂಚಿನಲ್ಲಿ ಕಂಡೇ ಕಂಡಿತು. ಪೆಟ್ಟಿಗೆಯ ಈ ಬದಿ ನಾಲ್ಕು ಬೆರಳು, ಆ ಬದಿ ನಾಲ್ಕು ಬೆರಳು. ವಾಂತಿ ಮಾಡುವವರು ಕಟ್ಟೆ ಹಿಡಿದುಕೊಳ್ಳುತ್ತಾರಲ್ಲ, ಹಾಗೆ ಬಿಗಿಯಾಗಿ ಹಿಡಿದಿದ್ದವು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ.

ಟಾರ್ಚು ಆರಿಸಿಬಿಟ್ಟ. ಒಳಗೆ ಹುಡುಗಿ ಎದ್ದಿತ್ತು.

"ಅವ್ವಾ... ಅಪ್ಪ ಕೆಮ್ಮಾಕ ಹತ್ಯಾನ."

"ಸುಮ್ಮನ ಮಕ್ಕೋ."

"ಮಾಳಿಗಿ ಮ್ಯಾಲ ಅದಾನ, ಅವ್ವಾ."

ಆಮೇಲೆ ಬಳೆಯ ಸದ್ದು. ಅಂಜಿನಕ್ಕ ಎದ್ದು ಬೆಳಕಿಂಡಿಯ ಕೆಳಗೆ ಬಂದು ನಿಂತಿರಬೇಕು. ತಗಡಿನ ಕೆಳಗಿಂದ ಪಿಸುಮಾತು ಬಂತು.

"ಸಾರ್... ಎಚ್ಚರ ಅದೀರೇನ್ರಿ?"

ಇವನು ತಗಡಿನ ಕಡೆ ತಲೆ ತಿರುಗಿಸಿದ.

"ತಗಡು ಸರಸರ್ರಿ ಸಾರ್. ಒಂದು ಗಳಿಗಿ. ಅವರು ಇಳದು ಬರ್ಲಿ..."

ಖೊಳ್... ಖೊಳ್. ಟಿಣ್.

ಇವನು ತೆವಳಿಕೊಂಡು ಕೈ ಚಾಚಿದ. ಕಲ್ಲಿಗೆ ಬೆರಳು ತಾಗಿತು. ಇನ್ನೇನು ತಳ್ಳಬೇಕು... ಕೆಳಗೆ ಹುಡುಗಿ ಉಸಿರೆಳೆಯಿತು. ಸುಯ್ಯ್...

"ಬ್ಯಾಡ" ಎಂದಳು ಅಂಜಿನಕ್ಕ. "ಬ್ಯಾಡ ಸಾರ್. ಇರ್ಲಿ. ತೆಗೀಬ್ಯಾಡ್ರಿ."

ಹೇಳಿ, ನೀವಾಗಿದ್ದರೆ ಹಾಗೆ ಹೇಳುತ್ತಿದ್ದಿರಾ? ನಾನಂತೂ ಇಲ್ಲ. ತಗಡು ಕಿತ್ತು ಒಗೆಯಿರಿ ಎನ್ನುತ್ತಿದ್ದೆ.

ಕೆಮ್ಮು ಮುಂದುವರಿಯಿತು. ಎಷ್ಟು ಹೊತ್ತು ಎಂದರೆ ಗುರುಬಸವರಾಜನಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಗೋಣಿಚೀಲ ಮುಸುಕೆಳೆದುಕೊಂಡು, ಬರುವ ವಚನ ಬಾರದ ವಚನ ಎಲ್ಲ ಹೇಳಿಕೊಂಡು ಮುದುರಿ ಬಿದ್ದಿದ್ದ. ಬರಬರುತ್ತಾ ಮರಳಿನ ಸದ್ದು ಕಡಿಮೆಯಾಯಿತು. ಗರ್ ಗರ್ ಹೋಯಿತು. ಸಿಳ್ಳೆಯೂ ಹೋಯಿತು. ಕಡೆಗೆ ಒಂದೇ ಒಂದು ಉದ್ದನೆಯ ಉಸಿರು... ಹಾ... ಎಂದು, ಏನೂ ತಡೆಯಿಲ್ಲದೆ, ತಲೆಯ ಹೊರೆ ಇಳಿಸಿದವರು ಬಿಡುವ ಉಸಿರು. ಆಮೇಲೆ ಏನೂ ಇಲ್ಲ.

ಬೆಳಕು ಹರಿಯುವ ಮುಂಚೆ ಕರೆಂಟು ಬಂತು. ಬೀದಿ ದೀಪ ಮಿಣಿಮಿಣಿ ಹೊತ್ತಿತು. ಡರ್ರ್ ಎಂದು ಕೆಮ್ಮಿದಂತೆ ಮಾಡಿ ಮೋಟಾರು ಗುಂಯ್ಯ್ ಎಂದಿತು. ಆಗ ಇವನು ಕಿರುಚಿದನಂತೆ. ಇಡೀ ರಾತ್ರಿ ಕಿರುಚದವನು, ಮೋಟಾರು ನಡೆದದ್ದಕ್ಕೆ ಕಿರುಚಿದ.

ಬೆಳಗ್ಗೆ ಜನ ಸೇರಿದರು. ಪ್ರವೀಣಕುಮಾರನೂ ಬಂದ, ಬೇರೆ ಇಸ್ತ್ರಿ ಅಂಗಿ. ಗುರುಬಸವರಾಜ ಮುಚ್ಚಳ ಎತ್ತಿದ.

ಸಾಮಾನ್ಯವಾಗಿ ಹಾಳೆಯ ಮೇಲೆ ಧೂಳು ಎಂದರೆ ಬಣ್ಣ ಬದಲಾಗಿರುತ್ತದೆ, ಅಷ್ಟೇ. ಕ್ರಷರ್ ನಡೆದ ದಿನವೂ ಕೈಗೆ ಸಿಗುವಷ್ಟು ಇರುವುದಿಲ್ಲ. ಆ ಹಾಳೆಯ ಮೇಲೆ ಕಲ್ಲಿನ ಹಿಟ್ಟು ಪದರ ಪದರವಾಗಿ ಕೂತಿತ್ತು. ಭಾರಕ್ಕೆ ಹಾಳೆ ನಡುವೆ ಕುಸಿದಿತ್ತು. ಅಂಚಿನಲ್ಲಿ ತೆಳ್ಳಗೆ, ನಡುವೆ ಮಾತ್ರ ದಪ್ಪ.

"ಸಾಧ್ಯ ಇಲ್ಲ ಸಾರ್!" ಎಂದ ಪ್ರವೀಣಕುಮಾರ್. "ಕ್ರಷರ್ ಬಂದ್..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಏನಂದ್ರಿ?"

ಹಿಂದಿನಿಂದ ಒಬ್ಬಳು ಮುದುಕಿ, "ನಿನ್ನೆ ಫುಲ್ ಲೋಡ್ ಅಂದ್ರಲ್ರಿ ಸಾಹೇಬ್ರ" ಎಂದಳು. ಯಾರೋ ಕಿಸಕ್ಕೆಂದರು. ತನ್ನ ಬಾಯಿಯಿಂದ ಹೇಳಿ, ತನ್ನ ಕೈಯಿಂದ ಸಹಿ ಹಾಕಿದ್ದಾನೆ. ಈಗ ಅಲ್ಲ ಎಂದರೆ ಸುಳ್ಳು ಸಹಿ ಹಾಕಿದೆ ಎಂದು ಒಪ್ಪಿದಂತೆ. ಬೈಕು ಹತ್ತಿ ಹೋದ. ಅವನ ಮುಖ ಆಲದ ಎಲೆಯ ಬಣ್ಣಕ್ಕೆ ತಿರುಗಿತ್ತು ಎಂದು ಗುರುಬಸವರಾಜ ಹೇಳುತ್ತಾನೆ. ನನಗೆ ಅದನ್ನು ಕೇಳಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತದೆ.

ಅಂಜಿನಕ್ಕ ಹಾಳೆ ನೋಡಲು ಬಂದಿರಲಿಲ್ಲ. ಒಳಗೆ ಪುಟ್ಟಿ ಎತ್ತಿ, ಅದರ ಮುಂದೆ ಕೂತಿದ್ದಳು. ಬೂದಿ ಅವಳು ಹರಡಿದ ಹಾಗೇ ಇತ್ತು. ನುಣ್ಣಗೆ. ಒಂದು ಇರುವೆ ಕೂಡ ಹಾಯ್ದಿರಲಿಲ್ಲ.

ಗುರುಬಸವರಾಜ ಹೊಸ್ತಿಲಲ್ಲಿ ಕೂತು ಬಾವಿಯ ಹತ್ತಿರ ನಡೆದದ್ದನ್ನು ಹೇಳಿದ. ತನ್ನ ತಮಾಷೆಯನ್ನೂ ಹೇಳಿದ.

"ವಲ್ಲಿ ಯಾವ ಬಣ್ಣದ್ದಿತ್ರಿ?"

"ಕೆಂಪು. ಚೌಕಳಿ."

ಅವಳು ತಲೆಯಾಡಿಸಿದಳು. ಬೂದಿಯನ್ನೇ ನೋಡುತ್ತಿದ್ದಳು.

"ಮಗಳ ಸಲುವಾಗಿ ಬಂದಾರ" ಎಂದಳು. "ನನ್ನ ಸಲುವಾಗಿ ಬರಲಿಲ್ಲ."

ಅವಳು ಅಳಲಿಲ್ಲ. ಅತ್ತದ್ದು ನಮ್ಮವನು. ತಗಡು ಮುಚ್ಚಿದವನು ತಾನಲ್ಲವೇ ಎಂದು ಅವನ ಸಂಕಟ.

ಹೊಸಪೇಟೆಯಲ್ಲಿ ಹಾಳೆ ತೂಗಿದಾಗ ತಕ್ಕಡಿ ಕೆಟ್ಟಿದೆ ಎಂದುಕೊಂಡರಂತೆ. ಬೇರೆ ತಕ್ಕಡಿಯಲ್ಲಿ ತೂಗಿದರು. ಅದೇ. ಮಳೆಗಾಲ ಹಿಡಿಯುವ ಹೊತ್ತಿಗೆ ಕ್ರಷರಿಗೆ ಬೀಗ ಬಿತ್ತು. ಗುರುಬಸವರಾಜ ಆ ಕೆಲಸ ಬಿಟ್ಟ. ಈಗ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕತ್ತಲಾದ ಮೇಲೆ ಯಾರಾದರೂ ದಾರಿಯಲ್ಲಿ ಮಾತನಾಡಿಸಿದರೆ ಹೂಂ, ಊಹೂಂ, ಇಷ್ಟೇ ಉತ್ತರ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮಗೆ ಹೇಳುತ್ತಲೇ ಇರಲಿಲ್ಲ. ಹೆದರಿದವನ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಅವನ ಸುಳ್ಳು ಹಿಡಿಯಲಿಕ್ಕೇ ಆ ವರ್ಷದ ದೀಪಾವಳಿ ಕಳೆದ ಮೇಲೆ ಆ ಹಳ್ಳಿಗೆ ಹೋದೆ. ಆಲದ ಮರ ಹಸಿರಾಗಿತ್ತು. ಕ್ರಷರಿನ ಗೇಟಿಗೆ ಬಳ್ಳಿ ಹಬ್ಬಿತ್ತು. ಅಂಜಿನಕ್ಕ ನನ್ನನ್ನು ಮಾತಿಗೆ ಕೂರಿಸಿದಳು, ಚಹಾ ಕೊಟ್ಟಳು. ಗಂಡನ ವಿಷಯ ಒಂದು ಮಾತೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮಾತಿನಲ್ಲಿ ಬಸ್ಸು ತಪ್ಪಿತು. "ಇಲ್ಲೇ ಇರ್ರಿ ಅಕ್ಕಾ" ಎಂದಳು. ಇದ್ದೆ.

ಆ ಮನೆಯಲ್ಲಿ ಅವತ್ತು ನಾವು ಮೂವರು ಹೆಂಗಸರು. ಬೆಳಕಿಂಡಿ ತೆರೆದಿತ್ತು, ಅದರಲ್ಲಿ ಒಂದಿಷ್ಟು ಚುಕ್ಕಿ ಕಾಣುತ್ತಿದ್ದವು. ಹುಡುಗಿ ನನ್ನ ಮಗ್ಗುಲಲ್ಲೇ ಮಲಗಿತ್ತು. ಅದರ ಬೆನ್ನಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಸಿಳ್ಳೆ ಇರಲಿಲ್ಲ. ಹಗುರಾದ, ಚುರುಕಾದ ಮಕ್ಕಳ ಉಸಿರು. ಆ ಕಡೆ ಅಂಜಿನಕ್ಕನದು ಇನ್ನೊಂದು ಉಸಿರು.

ಮತ್ತೆ ಮೇಲಿನಿಂದ ಒಂದು.

ಉದ್ದನೆಯದು. ನಿಧಾನದ್ದು. ಹೊಟ್ಟೆ ತುಂಬ ಉಂಡು ಮಲಗಿದ ಗಂಡಸಿನ ಉಸಿರು. ಕೆಮ್ಮಿಲ್ಲ, ಗೊರಕೆಯಿಲ್ಲ. ಒಂದು ಬರುತ್ತದೆ... ನಿಲ್ಲುತ್ತದೆ... ಇನ್ನೊಂದು ಬರುತ್ತದೆ. ನಾನು ಎದ್ದು ಕೂತೆ. ಬೆಳಕಿಂಡಿಯ ಕಡೆ ನೋಡಿದೆ. ಚುಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ. ಅಂಜಿನಕ್ಕನ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

"ಈಗ ಚೊಲೋ ಉಸುರಾಡತಾರ" ಎಂದಳು. "ಮಕ್ಕೊಳ್ರಿ ಅಕ್ಕಾ."

ಹಾಗೆಂದು ಮಗ್ಗುಲು ಬದಲಿಸಿ ನಿದ್ದೆ ಹೋದಳು. ನಾನು ಬೆಳಗಿನ ತನಕ ಕೂತೇ ಇದ್ದೆ. ಕೋಳಿ ಕೂಗುವವರೆಗೂ ಅದು ನಿಲ್ಲಲಿಲ್ಲ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೆದರಿಕೆಯಿಂದ ಕೇಳಿಸಿತು ಎನ್ನಬೇಡಿ, ಯಾಕೆಂದರೆ ಆಗ ನನಗೆ ಹೆದರಿಕೆಯೇ ಆಗಲಿಲ್ಲ. ಹೆದರಿಕೆ ಆದದ್ದು ಮರುದಿನ ಬಸ್ಸಿನಲ್ಲಿ.